ಕಳೆ ಕಟರ್ ಸ್ಟಾರ್ಟ್ ಆಗುತ್ತಿಲ್ಲವೇ? ಕಾರ್ಬೊರೇಟರ್ ಬದಲಿಸುವ ಮೊದಲು ಪ್ಲಗ್ ನೋಡಿ

ಪ್ರಶ್ನೆ: ನನಗೆ 61 ವರ್ಷ. ಹೊಸನಗರ ತಾಲ್ಲೂಕಿನಲ್ಲಿ ಎರಡೂವರೆ ಎಕರೆ ಅಡಿಕೆ ತೋಟವಿದೆ. ನಾಲ್ಕು ವರ್ಷದ ಹಿಂದೆ ಕೊಂಡ ಟೂ ಸ್ಟ್ರೋಕ್ ಕಳೆ ಕಟರ್ ಇದೆ, ಹೆಗಲಿಗೆ ನೇತುಹಾಕಿಕೊಳ್ಳುವಂಥದ್ದು. ಕಳೆದ ಅಕ್ಟೋಬರಿನಲ್ಲಿ ಅಡಿಕೆ ಗೊನೆ ಕೊಯ್ಲಿಗೆ ಮುಂಚೆ ತೋಟ ಸವರಿ, ಮಿಷನ್ ಒರೆಸಿ ಅಟ್ಟದ ಮೇಲೆ ಇಟ್ಟಿದ್ದೆ. ಟ್ಯಾಂಕಿನಲ್ಲಿ ಅರ್ಧದಷ್ಟು ಪೆಟ್ರೋಲ್ ಇತ್ತು. ಈಗ ಮಳೆ ಹಿಡಿಯುವ ಮುಂಚೆ ಒಂದು ಸಲ ಹೊಡೆಸೋಣವೆಂದು ಇಳಿಸಿ, ಅದರ ಮೇಲೆಯೇ ಹೊಸ ಪೆಟ್ರೋಲ್ ತುಂಬಿ ಎಳೆದರೆ ಸ್ಟಾರ್ಟ್ ಆಗುತ್ತಿಲ್ಲ. ಮೊದಲ ದಿನ ನಾಲ್ಕನೆಯದೋ ಐದನೆಯದೋ ಎಳೆತಕ್ಕೆ ಒಮ್ಮೆ ‘ಪುಟ್’ ಎಂದಿತು. ಆಮೇಲೆ ಐವತ್ತು ಸಲ ಎಳೆದರೂ ಉಸಿರಿಲ್ಲ. ಪ್ಲಗ್ ಬಿಚ್ಚಿ ನೋಡಿದೆ, ಕಪ್ಪಗೆ ಜಿಡ್ಡು ಜಿಡ್ಡಾಗಿ ಒದ್ದೆಯಾಗಿತ್ತು. ಪೇಟೆಯ ರಿಪೇರಿ ಅಂಗಡಿಯವರು ಬಿಚ್ಚಿಯೂ ನೋಡದೆ ‘ಕಾರ್ಬೊರೇಟರ್ ಹೋಗಿದೆ, ಪೂರ್ತಿ ಬದಲಿಸಬೇಕು’ ಎಂದರು. ಪಕ್ಕದ ತೋಟದವರು ಈಗಿನ ಎಥೆನಾಲ್ ಪೆಟ್ರೋಲಿನಿಂದ ಇಂಜಿನ್ನೇ ಹಾಳಾಗಿದೆ ಎನ್ನುತ್ತಾರೆ. ಕಳೆ ಹೊಡೆಯಲು ಬರುವ ಹುಡುಗ ಆಯಿಲ್ ಕಡಿಮೆ ಹಾಕಿ, ಪ್ಲಗ್ಗನ್ನು ಗ್ಯಾಸ್ ಒಲೆಯ ಮೇಲೆ ಕಾಯಿಸಿ, ಪ್ಲಗ್ ತೂತಿಗೆ ಪೆಟ್ರೋಲ್ ಬಿಡಿ ಎನ್ನುತ್ತಾನೆ. ಮಗ ಇದನ್ನು ಕೊಟ್ಟುಬಿಟ್ಟು ಫೋರ್ ಸ್ಟ್ರೋಕ್ ತನ್ನಿ ಎನ್ನುತ್ತಿದ್ದಾನೆ. ಎಳೆದೆಳೆದು ಭುಜ ನೋಯುತ್ತಿದೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ಎಳೆಯುವುದನ್ನು ನಿಲ್ಲಿಸಿ. ಐವತ್ತು ಎಳೆತಕ್ಕೆ ಬಾರದ ಇಂಜಿನ್ ಐವತ್ತೊಂದನೆಯದಕ್ಕೂ ಬರುವುದಿಲ್ಲ. ಹಗ್ಗ ಕಿತ್ತು ಬರಬಹುದು, ಒಳಗಿನ ಸುರುಳಿ ಸ್ಪ್ರಿಂಗ್ ಮುರಿಯಬಹುದು, ನಿಮ್ಮ ಭುಜವಂತೂ ಇನ್ನಷ್ಟು ಕೆಡುತ್ತದೆ.

ನಿಮ್ಮ ಪತ್ರದಲ್ಲಿ ಎರಡು ಆತಂಕ ಕಾಣುತ್ತಿವೆ. ಮಿಷನ್ ಪೂರ್ತಿ ಹೋಯಿತೇ ಎಂಬುದು ಒಂದು. ಮಳೆ ಹಿಡಿಯುವುದರೊಳಗೆ ತೋಟ ಸವರಲು ಆಗುತ್ತದೆಯೇ ಎಂಬುದು ಇನ್ನೊಂದು. ಇಪ್ಪತ್ತೆರಡು ವರ್ಷದಿಂದ ಕಳೆ ಕಟರ್, ಔಷಧಿ ಹೊಡೆಯುವ ಪಂಪು, ಟಿಲ್ಲರುಗಳನ್ನು ಬಿಚ್ಚಿ ಕೂಡಿಸುತ್ತ ಬಂದವನಾಗಿ ಹೇಳುತ್ತೇನೆ: ನೀವು ಬರೆದಿರುವುದನ್ನು ನೋಡಿದರೆ ಇಂಜಿನ್ ಹಾಳಾದ ಲಕ್ಷಣ ಕಾಣುವುದಿಲ್ಲ. ಹಾಗೆನ್ನಲು ಆಧಾರ ನಿಮ್ಮ ಪತ್ರದಲ್ಲೇ ಇದೆ, ಎರಡು ಕಡೆ.

ಒಂದು, ಆ ‘ಪುಟ್’. ಅಷ್ಟು ಸದ್ದು ಬರಬೇಕಾದರೂ ಒಳಗೆ ಮೂರು ಕೆಲಸ ಒಟ್ಟಿಗೆ ಆಗಿರಬೇಕು. ಸಿಲಿಂಡರಿಗೆ ಪೆಟ್ರೋಲ್ ಬಂದಿರಬೇಕು, ಪ್ಲಗ್ ಕಿಡಿ ಕೊಟ್ಟಿರಬೇಕು, ಪಿಸ್ಟನ್ ಗಾಳಿಯನ್ನು ಒತ್ತಿರಬೇಕು. ಅಂದರೆ ಆ ದಿನ, ಆ ಕ್ಷಣ, ನಿಮ್ಮ ಇಂಜಿನ್ನಿಗೆ ಜೀವವಿತ್ತು. ಇನ್ನೊಂದು, ಒದ್ದೆ ಪ್ಲಗ್. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಕೊಡುವ ಕಾರ್ಬೊರೇಟರ್ ಕಟ್ಟಿಕೊಂಡು ಪೆಟ್ರೋಲೇ ಬಾರದಿದ್ದರೆ ಅಷ್ಟು ಎಳೆದ ಮೇಲೂ ಪ್ಲಗ್ ಒಣಗಿಯೇ ಇರುತ್ತಿತ್ತು. ನಿಮ್ಮದು ನೆನೆದಿದೆ. ಪೆಟ್ರೋಲ್ ಬರುತ್ತಿದೆ, ಬೇಕಾದ್ದಕ್ಕಿಂತ ಹೆಚ್ಚೇ ಬಂದಿದೆ, ಆದರೆ ಉರಿಯುತ್ತಿಲ್ಲ. ಬಿಚ್ಚಿ ನೋಡದೆ ಕಾರ್ಬೊರೇಟರ್ ಬದಲಿಸಲು ಹೇಳಿದವರು ಈ ಒಂದು ಪ್ರಶ್ನೆ ಕೇಳಿದ್ದರೂ ಸಾಕಿತ್ತು: ಪ್ಲಗ್ ಒದ್ದೆಯೋ, ಒಣಗಿದೆಯೋ? ನನ್ನ ಕೈಗೆ ಬರುವ ಯಾವ ಸಣ್ಣ ಪೆಟ್ರೋಲ್ ಇಂಜಿನ್ನಿಗೂ ನಾನು ಹಾಕುವ ಮೊದಲ ಪ್ರಶ್ನೆ ಇದೇ.

ಆ ದಿನ ಏನಾಗಿರಬಹುದೆಂದು ಹೇಳುತ್ತೇನೆ. ತಣ್ಣಗಿನ ಇಂಜಿನ್ನಿಗೆ ಚೋಕ್ ಎಳೆಯುವುದು ಗಾಳಿಯನ್ನು ತಡೆದು ಪೆಟ್ರೋಲ್ ಹೆಚ್ಚು ಹೋಗಲಿ ಎಂದು. ಆ ಮೊದಲ ‘ಪುಟ್’ ಕೇಳಿದ ಕೂಡಲೇ ಚೋಕ್ ತೆಗೆಯಬೇಕು. ಸದ್ದು ಅರ್ಧ ಸೆಕೆಂಡೂ ಇರುವುದಿಲ್ಲ. ಪಕ್ಕದಲ್ಲಿ ಯಾರಾದರೂ ಮಾತಾಡುತ್ತಿದ್ದರೆ ಗಮನಕ್ಕೂ ಬರುವುದಿಲ್ಲ. ಗಮನಿಸದೆ ಚೋಕಿನಲ್ಲೇ ಮತ್ತೆ ಎಳೆಯುತ್ತ ಹೋದರೆ ಪ್ರತಿ ಎಳೆತಕ್ಕೂ ಸಿಲಿಂಡರಿಗೆ ಮತ್ತಷ್ಟು ಪೆಟ್ರೋಲ್ ಹೋಗುತ್ತದೆ. ಪ್ಲಗ್ಗಿನ ತುದಿ ತೊಯ್ದು ಕಿಡಿ ಹಾರುವುದೇ ನಿಲ್ಲುತ್ತದೆ. ನಾವು ಇದಕ್ಕೆ ಓವರ್ ಫ್ಲೋ ಎನ್ನುತ್ತೇವೆ. ಮಳೆಗಾಲದ ಆರಂಭದಲ್ಲಿ ನನ್ನ ಬಳಿ ಬರುವ ಕಟರುಗಳಲ್ಲಿ ಬಹಳಷ್ಟರ ಕಥೆ ಇಷ್ಟೇ, ಜೊತೆಗೆ ಟ್ಯಾಂಕಿನಲ್ಲಿ ಹಳೇ ಪೆಟ್ರೋಲ್.

ಈ ಹಳೇ ಪೆಟ್ರೋಲಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪೆಟ್ರೋಲ್ ಒಂದೇ ವಸ್ತುವಲ್ಲ, ಹಗುರವಾದವೂ ಭಾರವಾದವೂ ಸೇರಿದ ನೂರಾರು ದ್ರವಗಳ ಮಿಶ್ರಣ. ತಣ್ಣಗಿರುವ ಇಂಜಿನ್ನಿನಲ್ಲಿ ಮೊದಲು ಹೊತ್ತಿಕೊಳ್ಳುವುದು ಹಗುರವಾದ ಭಾಗ. ತಿಂಗಳುಗಟ್ಟಲೆ ಇಟ್ಟರೆ ಮೊದಲು ಆವಿಯಾಗಿ ಹೋಗುವುದೂ ಅದೇ. ಉಳಿದದ್ದು ಗಾಳಿ ತಾಗಿ ನಿಧಾನಕ್ಕೆ ಅಂಟಾಗುತ್ತದೆ. ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ನೋಡಿ. ಹೊಸ ಪೆಟ್ರೋಲಿಗೆ ಮೂಗಿಗೆ ಚುರುಕ್ಕೆನ್ನುವ ವಾಸನೆ ಇರುತ್ತದೆ. ಹಳತಾದದ್ದು ಹಳೇ ವಾರ್ನಿಶ್ ಡಬ್ಬಿಯ ಹಾಗೆ ಮಂಕಾಗಿ, ಹುಳಿಹುಳಿಯಾಗಿ ನಾರುತ್ತದೆ. ಅದರ ಮೇಲೆ ಹೊಸದನ್ನು ಸುರಿದರೆ ಹೊಸದೂ ಕೆಡುತ್ತದೆಯೇ ಹೊರತು ಹಳತು ಸರಿಯಾಗುವುದಿಲ್ಲ. ಕೆಟ್ಟ ಮಜ್ಜಿಗೆಗೆ ಒಳ್ಳೇ ಹಾಲು ಬೆರೆಸಿದ ಹಾಗೆ.

ಇನ್ನು ನಿಮ್ಮ ಪಕ್ಕದ ತೋಟದವರ ಮಾತು. ಅದರಲ್ಲಿ ಅರ್ಧ ನಿಜವಿದೆ. ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. 2025ರ ಹೊತ್ತಿಗೆ ಸಾಮಾನ್ಯ ಬಂಕುಗಳಲ್ಲಿ ಸಿಗುವುದೇ ಅದಾಯಿತು. ಅನೇಕ ಕಂಪನಿಗಳ ಕಳೆ ಕಟರಿನ ಕೈಪಿಡಿಯಲ್ಲಿ ಎಥೆನಾಲ್ ಶೇ 10 ಮೀರಬಾರದು ಎಂದು ಬರೆದಿರುತ್ತದೆ. ನಿಮ್ಮದರಲ್ಲಿ ಏನಿದೆ ಎಂದು ಒಮ್ಮೆ ನೋಡಿ. ಎಥೆನಾಲಿಗೆ ನೀರೆಂದರೆ ಆಸೆ, ಗಾಳಿಯಲ್ಲಿನ ತೇವವನ್ನೇ ಹೀರಿಕೊಳ್ಳುತ್ತದೆ. ಆಗುಂಬೆ, ಹುಲಿಕಲ್ಲು ಕಡೆಯ ಗಾಳಿಯಲ್ಲಿ ತೇವಕ್ಕೇನೂ ಕೊರತೆಯಿಲ್ಲ. ಒಂದು ಮಿತಿ ದಾಟಿದರೆ ಎಥೆನಾಲೂ ನೀರೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪೆಟ್ರೋಲ್ ಎಳೆಯುವ ಫಿಲ್ಟರ್ ಇರುವುದೂ ತಳದಲ್ಲೇ. ಇಂಜಿನ್ ಮೊದಲು ಕುಡಿಯುವುದು ಆ ನೀರನ್ನೇ.

ಹೋದ ವರ್ಷ ಒಬ್ಬರು ತಂದ ಕಟರಿನ ಟ್ಯಾಂಕನ್ನು ಗಾಜಿನ ಬಾಟಲಿಗೆ ಬಗ್ಗಿಸಿ ಕಿಟಕಿಯಲ್ಲಿಟ್ಟೆ. ಚಹಾ ಕುಡಿದು ಬರುವುದರೊಳಗೆ ಬಾಟಲಿಯಲ್ಲಿ ಗೆರೆ ಎಳೆದಂತೆ ಎರಡು ಪದರ. ಮೇಲೆ 2ಟಿ ಆಯಿಲಿನ, ಅಂದರೆ ಟೂ ಸ್ಟ್ರೋಕ್ ಇಂಜಿನ್ನಿಗೆಂದು ಪೆಟ್ರೋಲಿಗೆ ಬೆರೆಸುವ ಆಯಿಲಿನ, ಬಣ್ಣ ಹಿಡಿದ ಪೆಟ್ರೋಲ್, ಕೆಳಗೆ ಎರಡು ಬೆರಳು ದಪ್ಪ ಮಬ್ಬುಮಬ್ಬಾದ ನೀರು. ಅವರು ಅದನ್ನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ತಿರುಗಿಸಿ ನೋಡಿದರು. ಆ ವರ್ಷ ಅವರು ಆಗಲೇ ಎರಡು ಪ್ಲಗ್, ಒಂದು ಕಾರ್ಬೊರೇಟರ್ ಬದಲಿಸಿದ್ದರು. ನೆನಪಿಡಬೇಕಾದ ಇನ್ನೊಂದು ವಿಷಯವೆಂದರೆ, 2ಟಿ ಆಯಿಲ್ ಉಳಿಯುವುದು ಮೇಲಿನ ಪೆಟ್ರೋಲಿನಲ್ಲಿ. ಕೆಳಗಿನ ಪದರದಲ್ಲಿ ಆಯಿಲ್ ಇಲ್ಲವೆನ್ನುವಷ್ಟು ಕಡಿಮೆ. ಅಕಸ್ಮಾತ್ ಅದರಲ್ಲೇ ಇಂಜಿನ್ ಸ್ವಲ್ಪ ಹೊತ್ತು ಓಡಿತೆಂದರೆ ಪಿಸ್ಟನ್ ಒಣಗಿ ಉಜ್ಜಿಕೊಂಡು ಹಿಡಿದುಕೊಳ್ಳುತ್ತದೆ. ಆದ್ದರಿಂದ ಎಥೆನಾಲ್ ನೇರವಾಗಿ ನಿಮ್ಮ ಇಂಜಿನ್ ಕೆಡಿಸಿದೆ ಎಂದು ನಾನು ಹೇಳುವುದಿಲ್ಲ. ಏಳು ತಿಂಗಳು ಟ್ಯಾಂಕಿನಲ್ಲಿ ಬಿಟ್ಟದ್ದರಿಂದ ಪೆಟ್ರೋಲ್ ಕೆಟ್ಟಿರಬಹುದು. ದಿನಾ ತುಂಬಿ ದಿನಾ ಖಾಲಿ ಮಾಡುವವರ ಕಟರುಗಳು ಅದೇ ಪೆಟ್ರೋಲಿನಲ್ಲಿ ಓಡುತ್ತಿವೆ, ನೋಡುತ್ತಲೇ ಇದ್ದೇನೆ. ಹಳೇ ಮಿಷನ್ನುಗಳ ರಬ್ಬರ್ ಪೈಪು ಮಾತ್ರ ಬೇಗ ಉಬ್ಬುತ್ತದೆ ಅಥವಾ ಬಿರುಕು ಬಿಡುತ್ತದೆ. ನೀರು ಹಾಕಿ ಕುಲುಕಿ ಎಥೆನಾಲ್ ತೆಗೆದು ಪೆಟ್ರೋಲ್ ಬಳಸುವ ಉಪಾಯ ನಿಮ್ಮ ಕಿವಿಗೂ ಬಿದ್ದಿರಬಹುದು. ದಯವಿಟ್ಟು ಬೇಡ. ಉಳಿಯುವ ಪೆಟ್ರೋಲಿನ ಗುಣಮಟ್ಟ ಇಳಿಯುತ್ತದೆ, ನೀರಿನ ಅಂಶವೂ ಪೂರ್ತಿ ಹೋಗುವುದಿಲ್ಲ.

ಹುಡುಗ ಹೇಳಿದ ಮೂರು ಮಾತುಗಳಲ್ಲಿ ಮೊದಲನೆಯದು ಇಂಜಿನ್ನಿಗೇ ಅಪಾಯಕಾರಿ: ಆಯಿಲ್ ಕಡಿಮೆ ಮಾಡುವುದು. ಟೂ ಸ್ಟ್ರೋಕ್ ಇಂಜಿನ್ನಿಗೆ ಬೇರೆ ಆಯಿಲ್ ಇರುವುದಿಲ್ಲ. ಪೆಟ್ರೋಲಿನೊಂದಿಗೆ ಬರುವ ಆ ನಾಲ್ಕು ಹನಿಯೇ ಪಿಸ್ಟನ್ನು, ಬೇರಿಂಗು ಎಲ್ಲದಕ್ಕೂ ಜೀವಾಳ. ಆಯಿಲ್ ಕಡಿಮೆಯಾದರೆ ಬೇಗ ಸ್ಟಾರ್ಟ್ ಆಗುತ್ತದೆ ಎನ್ನುವುದು ಸುಳ್ಳು, ಪಿಸ್ಟನ್ ಬೇಗ ಹೋಗುತ್ತದೆ ಎನ್ನುವುದು ನಿಜ. ಕೈಪಿಡಿಯಲ್ಲಿ 25ಕ್ಕೆ 1 ಎಂದಿದ್ದರೆ ಲೀಟರಿಗೆ 40 ಮಿ.ಲೀ., 40ಕ್ಕೆ 1 ಆದರೆ 25 ಮಿ.ಲೀ., 50ಕ್ಕೆ 1 ಆದರೆ 20 ಮಿ.ಲೀ. ಔಷಧಿ ಅಂಗಡಿಯಲ್ಲಿ ಸೂಜಿಯಿಲ್ಲದ ಸಿರಿಂಜು ಸಿಗುತ್ತದೆ, ಅದರಲ್ಲಿ ಅಳೆಯಿರಿ. ಮುಚ್ಚಳದ ಲೆಕ್ಕ, ಕಣ್ಣಂದಾಜು ಬೇಡ. ಬೈಕಿಗೆ ಹಾಕುವ ಇಂಜಿನ್ ಆಯಿಲ್ ಇದಕ್ಕೆ ಬೇಡವೇ ಬೇಡ, 2ಟಿ ಎಂದೇ ಕೇಳಿ ತನ್ನಿ. ಅಳತೆ ಮೀರಿ ಹೆಚ್ಚು ಹಾಕುವುದೂ ತಪ್ಪು. ಪ್ಲಗ್ ಬೇಗ ಕರಿ ಹಿಡಿಯುತ್ತದೆ, ಸೈಲೆನ್ಸರ್ ಒಳಗೆ ಮಸಿ ಕಟ್ಟುತ್ತದೆ. ನಿಮ್ಮ ಪ್ಲಗ್ಗಿನ ಜಿಡ್ಡು ನೋಡಿದರೆ ಹೋದ ಸಲ ಆಯಿಲ್ ಸ್ವಲ್ಪ ಹೆಚ್ಚೇ ಬಿದ್ದಿರಬಹುದೆಂಬ ಅನುಮಾನ ನನಗಿದೆ.

ಪ್ಲಗ್ ಕಾಯಿಸುವುದರಲ್ಲಿ ಕೊಂಚ ಹುರುಳಿದೆ, ತೇವ ಆರುತ್ತದೆ. ಆದರೆ ಗ್ಯಾಸ್ ಒಲೆಯ ಮೇಲೆ ಕೆಂಪಗಾಗುವ ತನಕ ಕಾಯಿಸಿದರೆ ಒಳಗಿನ ಪಿಂಗಾಣಿ ಕಣ್ಣಿಗೆ ಕಾಣದಂತೆ ಸೀಳುತ್ತದೆ. ಪೆಟ್ರೋಲಿನಲ್ಲಿ ನೆನೆದ ವಸ್ತುವನ್ನು ಅಡುಗೆಮನೆಗೆ ಒಯ್ಯುವುದು ಅದಕ್ಕಿಂತ ಕೆಟ್ಟದ್ದು. ಬಟ್ಟೆಯಲ್ಲಿ ಒರೆಸಿ ಬಿಸಿಲಿಗಿಡಿ, ಸಾಕು. ಇನ್ನು ಪ್ಲಗ್ ತೂತಿಗೆ ಪೆಟ್ರೋಲ್ ಬಿಡುವುದು ಒಣ ಪ್ಲಗ್ ಇದ್ದಾಗ ಮಾಡುವ ಪರೀಕ್ಷೆ, ಚಿಕಿತ್ಸೆಯಲ್ಲ. ಮೊದಲೇ ನೆನೆದು ಕೂತ ನಿಮ್ಮ ಇಂಜಿನ್ನಿಗೆ ಇನ್ನಷ್ಟು ಪೆಟ್ರೋಲ್ ಬಿಟ್ಟರೆ ಏನುಪಯೋಗ?

ಈಗ ಏನು ಮಾಡಬೇಕೆಂದು ಹೇಳುತ್ತೇನೆ. ಅಂಗಳದಲ್ಲಿ, ಗಾಳಿಯಾಡುವಲ್ಲಿ ಮಾಡಿ. ಹತ್ತಿರದಲ್ಲಿ ಬೀಡಿ, ಒಲೆ, ಬಚ್ಚಲ ಬೆಂಕಿ ಇರಬಾರದು.

ಟ್ಯಾಂಕಿನಲ್ಲಿರುವುದನ್ನೆಲ್ಲ ಗಾಜಿನ ಬಾಟಲಿಗೆ ಬಗ್ಗಿಸಿ ಕಾಲು ಗಂಟೆ ಇಟ್ಟು ನೋಡಿ, ಪದರ ಕಾಣುತ್ತದೆಯೇ ಎಂದು. ಕಂಡರೂ ಕಾಣದಿದ್ದರೂ ಅದನ್ನು ಮತ್ತೆ ಟ್ಯಾಂಕಿಗೆ ಹಾಕಬೇಡಿ. ಬ್ಲೇಡಿನ ಜಿಡ್ಡು, ಕತ್ತಿಯ ಅಂಟು ತೊಳೆಯಲು ಬಳಸಿ ಮುಗಿಸಿ. ತೋಟದ ಕಾದಿಗೆಗೆ (ನೀರು ಹರಿಯುವ ಕಾಲುವೆಗೆ) ಚೆಲ್ಲಬೇಡಿ, ಒಲೆ ಹೊತ್ತಿಸಲು ಯಾರೂ ಮುಟ್ಟದಂತೆ ನೋಡಿಕೊಳ್ಳಿ. ಆಮೇಲೆ ತಂತಿಯ ತುದಿ ಬಗ್ಗಿಸಿ ಕೊಕ್ಕೆ ಮಾಡಿ ಟ್ಯಾಂಕಿನೊಳಗಿನ ಫಿಲ್ಟರನ್ನು ಮೇಲೆತ್ತಿ. ಪೈಪಿನ ತುದಿಗೆ ಸಿಕ್ಕಿಸಿರುವ ಹೆಬ್ಬೆರಳಿಗಿಂತ ಚಿಕ್ಕ ಗುಂಡು ಅದು. ಕಂದುಬಣ್ಣಕ್ಕೆ ತಿರುಗಿ ಅಂಟಂಟಾಗಿದ್ದರೆ ಹೊಸದು ಹಾಕಿ, ಬೆಲೆ ಏನೂ ಇಲ್ಲ. ಎತ್ತುವಾಗಲೇ ಪೈಪನ್ನು ಬೆರಳಲ್ಲಿ ಬಗ್ಗಿಸಿ ನೋಡಿ. ಟ್ಯಾಂಕಿನ ಗೋಡೆಯಿಂದ ಹೊರಬರುವ ಜಾಗದಲ್ಲೇ ಬಿರುಕು ಬಿಡುವುದು ಹೆಚ್ಚು.

ಮುಂದೆ ನೆನೆದ ಇಂಜಿನ್ ಒಣಗಿಸಬೇಕು. ಸ್ವಿಚ್ ಆಫ್ ಮಾಡಿ, ಪ್ಲಗ್ ಬಿಚ್ಚಿ ದೂರವಿಡಿ, ಪ್ಲಗ್ ಕ್ಯಾಪನ್ನು ತೂತಿನಿಂದ ದೂರಕ್ಕೆ ತಿರುಗಿಸಿ. ಚೋಕ್ ತೆಗೆಯಿರಿ, ಎಕ್ಸಲೇಟರ್ ಪೂರ್ತಿ ಒತ್ತಿ ಹಿಡಿಯಿರಿ. ಇಂಜಿನ್ನನ್ನು ಪ್ಲಗ್ ತೂತು ಕೆಳಮುಖವಾಗುವಂತೆ ವಾಲಿಸಿ ಹಗ್ಗವನ್ನು ಎಂಟು ಹತ್ತು ಸಲ ಮೆಲ್ಲಗೆ ಎಳೆಯಿರಿ. ತೂತಿನಿಂದ ಪೆಟ್ರೋಲ್ ಚಿಮ್ಮುತ್ತದೆ, ಮುಖ ಆ ಕಡೆ ಇಡಬೇಡಿ. ಹಾಗೇ ಒಂದೆರಡು ಗಂಟೆ ಬಿಸಿಲಲ್ಲಿ ಬಿಡಿ. ಪ್ಲಗ್ ಇಲ್ಲದ ಈ ಎಳೆತ ಕೈಗೆ ಹೇಗಿತ್ತೆಂದು ನೆನಪಿಡಿ. ಪ್ಲಗ್ ಹಾಕಿದ ಮೇಲೆ ಹಗ್ಗ ನಿಧಾನಕ್ಕೆ ಎಳೆದರೆ ಒಂದು ಕಡೆ ಗಟ್ಟಿಯಾಗಿ ತಡೆದು, ದಾಟಿ ಮುಂದೆ ಹೋಗಬೇಕು. ಆ ತಡೆ ಕೈಗೆ ಸಿಕ್ಕರೆ ಕಂಪ್ರೆಷನ್ ಇದೆ, ಪಿಸ್ಟನ್ ಗಾಳಿಯನ್ನು ಒತ್ತುತ್ತಿದೆ ಎಂದರ್ಥ. ಪ್ಲಗ್ ಇದ್ದಾಗಲೂ ಇಲ್ಲದಾಗಲೂ ಹಗ್ಗ ಒಂದೇ ರೀತಿ ಸಲೀಸಾಗಿ ಬಂದರೆ ಮಾತ್ರ ಚಿಂತೆ.

ಪ್ಲಗ್ಗನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ತುದಿಯ ಸಂದು 0.6ರಿಂದ 0.7 ಮಿ.ಮೀ. ಇರುವಂತೆ ನೋಡಿಕೊಳ್ಳಿ. ನಾಲ್ಕು ವರ್ಷದ ಹಳೇ ಪ್ಲಗ್ ಆದರೆ ಹೊಸದನ್ನೇ ಹಾಕಿ ಎನ್ನುತ್ತೇನೆ. ಕೈಪಿಡಿಯಲ್ಲಿರುವ ನಂಬರಿನದೇ ಆಗಬೇಕು. ಮನೆಯಲ್ಲಿದ್ದ ಬೈಕಿನ ಪ್ಲಗ್ ತಿರುಪಿ ಕೂರಿಸಿದವರನ್ನು ನೋಡಿದ್ದೇನೆ, ಉದ್ದ ಹೆಚ್ಚಾಗಿ ಪಿಸ್ಟನ್ನಿನ ತಲೆಗೇ ಬಡಿದಿತ್ತು. ಕಿಡಿ ನೋಡಬೇಕಿದ್ದರೆ ಪೆಟ್ರೋಲ್ ಪೂರ್ತಿ ಆರಿದ ಮೇಲೆ ನೋಡಿ. ಸ್ವಿಚ್ ಆನ್ ಮಾಡಿ, ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಕಬ್ಬಿಣದ ಮೈ ಸಿಲಿಂಡರಿನ ಲೋಹಕ್ಕೆ ತಾಗುವಂತೆ, ಪ್ಲಗ್ ತೂತಿನಿಂದ ಸಾಧ್ಯವಾದಷ್ಟು ದೂರದಲ್ಲಿ ಹಿಡಿದು, ಇನ್ನೊಬ್ಬರಿಂದ ಹಗ್ಗ ಎಳೆಸಿ. ಬರಿಗೈಯಲ್ಲಿ ಹಿಡಿಯಬೇಡಿ, ಪ್ಲಾಸ್ಟಿಕ್ ಹಿಡಿಯ ಇಕ್ಕಳ ಬಳಸಿ. ನೀಲಿ ಬಣ್ಣದ ಚಟ್ಟೆನ್ನುವ ಕಿಡಿ ಬಂದರೆ ಕರೆಂಟಿನ ಕಡೆ ತೊಂದರೆಯಿಲ್ಲ.

ಹೊಸ ಪ್ಲಗ್ಗಿಗೂ ಕಿಡಿ ಬಾರದಿದ್ದರೆ ಕಿಡಿಗೆ ಕರೆಂಟು ಕೊಡುವ ಕಾಯಿಲ್ ಹೋಗಿದೆ ಎಂದು ತಕ್ಷಣ ಕಾಯಿಲಿಗೆ ಓಡಬೇಡಿ. ಹಿಡಿಯ ಹತ್ತಿರವಿರುವ ಆಫ್ ಸ್ವಿಚ್ಚಿನಿಂದ ಇಂಜಿನ್ನಿಗೆ ಸಣ್ಣ ವೈರು ಬರುತ್ತದಲ್ಲ, ಅದನ್ನು ಉದ್ದಕ್ಕೂ ನೋಡುತ್ತ ಬನ್ನಿ. ಅದು ಎಲ್ಲಾದರೂ ಸವೆದು ಲೋಹಕ್ಕೆ ತಾಗಿದರೆ ಸ್ವಿಚ್ ಸದಾ ಆಫ್ ಆದಂತೆಯೇ. ನಿಮ್ಮದು ಅಟ್ಟದ ಮೇಲಿತ್ತು ಎಂದಿದ್ದೀರಿ. ಅಟ್ಟವೆಂದರೆ ಇಲಿಯ ಕಾರುಬಾರು. ಎರಡು ಹಲ್ಲಿನ ಗುರುತು ಮೂಡಿದ ವೈರಿನ ಮೇಲೆ ಟೇಪು ಸುತ್ತಿ ಓಡಿಸಿ ಕಳಿಸಿದ ಕಟರುಗಳು ನನ್ನ ಲೆಕ್ಕದಲ್ಲಿ ಬೇಕಾದಷ್ಟಿವೆ. ಅಟ್ಟದಿಂದ ಇಳಿಸಿದ ಮಿಷನ್ನಿನ ಸೈಲೆನ್ಸರಿನ ಬಾಯನ್ನೂ ನೋಡಿ. ಕುಂಬಾರ ಹುಳುವಿಗೆ ಮಣ್ಣಿನ ಗೂಡು ಕಟ್ಟಲು ಆ ತೂತು ಬಹಳ ಪ್ರಿಯ. ಹೊಗೆ ಹೊರಹೋಗಲು ದಾರಿಯಿಲ್ಲದಿದ್ದರೆ ಹೊಸ ಗಾಳಿ ಒಳಬರುವುದಿಲ್ಲ, ಇಂಜಿನ್ ‘ಪುಟ್’ ಎಂದು ನಿಲ್ಲಲು ಅದೂ ಕಾರಣವಾಗುತ್ತದೆ. ಕೆಲವು ಮಾದರಿಗಳಲ್ಲಿ ಸೈಲೆನ್ಸರಿನ ಬಾಯಿಗೆ ಸಣ್ಣ ಜಾಲರಿ ಇರುತ್ತದೆ, ಅದರಲ್ಲಿ ಮಸಿ ಕಟ್ಟಿದರೂ ಇದೇ ಪಾಡು.

ಇಷ್ಟಾದ ಮೇಲೆ ಹೊಸ ಪೆಟ್ರೋಲಿಗೆ ಸರಿಯಾದ ಅಳತೆಯ ಆಯಿಲ್ ಬೆರೆಸಿ ತುಂಬಿ. ಕಾರ್ಬೊರೇಟರಿನ ಬಳಿಯ ರಬ್ಬರ್ ಗುಬ್ಬಿಯನ್ನು, ಅದೇ ಪ್ರೈಮರ್ ಬಲ್ಬನ್ನು, ಪೆಟ್ರೋಲ್ ತುಂಬಿ ಟ್ಯಾಂಕಿಗೆ ವಾಪಸು ಹೋಗುವ ತನಕ ಐದಾರು ಸಲ ಒತ್ತಿ. ಮಿಷನ್ನನ್ನು ಸಮತಟ್ಟು ನೆಲದಲ್ಲಿಟ್ಟು, ಬ್ಲೇಡು ಏನನ್ನೂ ತಾಗದಂತೆ ನೋಡಿಕೊಂಡು, ಎಡಗೈಯಲ್ಲಿ ಇಂಜಿನ್ ಒತ್ತಿ ಹಿಡಿಯಿರಿ. ಎಕ್ಸಲೇಟರ್ ಲಾಕ್ ಹಾಕಿದ್ದರೆ ಸ್ಟಾರ್ಟ್ ಆದ ಕ್ಷಣವೇ ಬ್ಲೇಡು ತಿರುಗುತ್ತದೆ, ಮಕ್ಕಳು ನಾಯಿ ಯಾರೂ ಹತ್ತಿರ ಇರಬಾರದು. ಒಳಗೆ ಇನ್ನೂ ತೇವ ಉಳಿದಿರುವುದರಿಂದ ಮೊದಲು ಚೋಕ್ ಇಲ್ಲದೆಯೇ ನಾಲ್ಕೈದು ಸಲ ಎಳೆದು ನೋಡಿ. ಬಾರದಿದ್ದರೆ ಚೋಕ್ ಹಾಕಿ ಎಳೆಯಿರಿ, ಕಿವಿಯನ್ನು ಆ ‘ಪುಟ್’ ಮೇಲೇ ಇಡಿ, ಕೇಳಿದ ತಕ್ಷಣ ಚೋಕ್ ತೆಗೆದು ಮತ್ತೆ ಎಳೆಯಿರಿ. ಮೊದಲ ನಿಮಿಷ ಹೊಗೆ ಹೆಚ್ಚು ಬರುತ್ತದೆ, ಗಾಬರಿಯಾಗಬೇಡಿ.

ಹೀಗೆ ಮಾಡಿಯೂ ಪ್ಲಗ್ ಮತ್ತೆ ಮತ್ತೆ ತೊಯ್ಯುತ್ತಿದ್ದರೆ, ಅಥವಾ ಈ ಸಲ ಒಣಗಿಯೇ ಇದ್ದರೆ, ಆಗ ಕಾರ್ಬೊರೇಟರಿನ ಸರದಿ. ಆಗಲೂ ಪೂರ್ತಿ ಬದಲಿಸುವ ಮೊದಲು ಕಿಟ್ ಹಾಕಿಸಿ. ಈ ಕಾರ್ಬೊರೇಟರಿನೊಳಗೆ ಎರಡು ತೆಳು ಪೊರೆಗಳಿರುತ್ತವೆ. ಡಯಾಫ್ರಂ ಎನ್ನುತ್ತಾರೆ. ಇಂಜಿನ್ನಿನ ಉಸಿರಾಟಕ್ಕೆ ತಕ್ಕಂತೆ ಅವು ಮೇಲೆ ಕೆಳಗೆ ಆಡಿದರೆ ಪೆಟ್ರೋಲ್ ಅಳತೆಯಾಗಿ ಬರುತ್ತದೆ. ಹಳೇ ಪೆಟ್ರೋಲಿನ ಅಂಟು ಒಣಗಿದರೆ ಅವು ಬಿರುಸಾಗುತ್ತವೆ. ಹೊಸ ಪೊರೆ ಬೆರಳಿಗೆ ಹಾಲಿನ ಕೆನೆಯ ಹಾಗೆ ಬಾಗುತ್ತದೆ, ಕೆಟ್ಟದ್ದು ಮಡಿಸಿದರೆ ಹಪ್ಪಳದ ಹಾಗೆ ಸದ್ದು ಮಾಡುತ್ತದೆ. ಪೊರೆ, ಸೂಜಿ, ಪ್ಯಾಕಿಂಗ್ ಎಲ್ಲ ಸೇರಿದ ಕಿಟ್ಟಿನ ಬೆಲೆ ಕಡಿಮೆ, ಒಂದು ಗಂಟೆಯ ಕೆಲಸ. ನೀವೇ ಬಿಚ್ಚುವುದಾದರೆ ಪ್ರತಿ ಹಂತಕ್ಕೂ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ, ಹೊಂದಾಣಿಕೆಯ ತಿರುಪುಗಳನ್ನು ತೆಗೆಯುವ ಮೊದಲು ಎಷ್ಟು ಸುತ್ತು ಒಳಗಿದ್ದವೆಂದು ಎಣಿಸಿ ಬರೆದಿಡಿ. ಪೆಟ್ರೋಲ್ ಹಾಯುವ ಜೆಟ್ಟಿನ ತೂತಿಗೆ ತಂತಿ, ಪಿನ್ನು ಚುಚ್ಚಬೇಡಿ, ತೂತು ಒಂದು ಕೂದಲಿನಷ್ಟು ಅಗಲವಾದರೂ ಅಳತೆ ತಪ್ಪುತ್ತದೆ. ಪೊರೆ ಒಳಗಿರುವಾಗ ಪಂಕ್ಚರ್ ಅಂಗಡಿಯ ಗಾಳಿ ಹಿಡಿಯಬೇಡಿ, ಹರಿದುಹೋಗುತ್ತದೆ. ಪೂರ್ತಿ ಕಾರ್ಬೊರೇಟರ್ ಹಾಕಿಸಲೇಬೇಕಾದರೆ ಹಳತನ್ನು ಜೊತೆಗೊಯ್ದು ತೂತಿನ ಅಳತೆ ಹೋಲಿಸಿ ಕೊಳ್ಳಿ. ನಕಲಿ ಮಾಲು ಹೊಸದಿದ್ದಾಗಲೇ ಪೆಟ್ರೋಲ್ ಸೋರುತ್ತದೆ, ಇದ್ದ ತೊಂದರೆಯ ಜೊತೆ ಇನ್ನೊಂದು ಸೇರಿ ಯಾವುದು ಯಾವುದೆಂದು ತಿಳಿಯದಾಗುತ್ತದೆ.

ಕಂಪ್ರೆಷನ್ ಇಲ್ಲವೆಂದು ಕೈಗೆ ಅನಿಸಿದರೆ ಮೆಕ್ಯಾನಿಕ್ಕಿಗೆ ಒಂದೇ ಕೆಲಸ ಹೇಳಿ: ಸೈಲೆನ್ಸರ್ ಬಿಚ್ಚಿ ಆ ಕಿಂಡಿಯಿಂದ ಪಿಸ್ಟನ್ ತೋರಿಸಿ ಎಂದು. ಎರಡೇ ಬೋಲ್ಟು, ಐದು ನಿಮಿಷ. ಪಿಸ್ಟನ್ನಿನ ಮೈ ನುಣುಪಾಗಿದ್ದರೆ ಇಂಜಿನ್ ಚೆನ್ನಾಗಿದೆ. ಉದ್ದುದ್ದ ಗೀರು ಬಿದ್ದಿದ್ದರೆ ಆಯಿಲಿಲ್ಲದೆ ಓಡಿದೆ. ಯಾರು ಏನೇ ಹೇಳಿದರೂ ಇದನ್ನು ನಿಮ್ಮ ಕಣ್ಣಿಂದಲೇ ನೋಡದೆ ‘ಇಂಜಿನ್ ಹೋಗಿದೆ’ ಎಂಬ ಮಾತನ್ನು ಒಪ್ಪಬೇಡಿ. ಗೀರು ಬಿದ್ದಿದ್ದರೆ ಸಿಲಿಂಡರ್ ಪಿಸ್ಟನ್ ಎರಡೂ ಬದಲಿಸಬೇಕು. ಖರ್ಚು ಹೊಸ ಮಿಷನ್ನಿನ ಬೆಲೆಯ ಮೂರನೇ ಒಂದು ಭಾಗ ದಾಟುವುದಾದರೆ, ಮತ್ತು ಅದರ ಬಿಡಿಭಾಗ ನಿಮ್ಮ ಪೇಟೆಯಲ್ಲಿ ಸಿಗದಿದ್ದರೆ, ನಾನಾಗಿದ್ದರೆ ಹೊಸದರ ಕಡೆ ನೋಡುತ್ತೇನೆ.

ಹೊಸದೆಂದರೆ ನಿಮ್ಮ ಮಗ ಹೇಳುವ ಫೋರ್ ಸ್ಟ್ರೋಕ್ ಒಳ್ಳೆಯದೇ. ಆಯಿಲ್ ಬೆರೆಸುವ ಗೋಜಿಲ್ಲ, ಹೊಗೆ ಕಡಿಮೆ, ಪೆಟ್ರೋಲ್ ಉಳಿಯುತ್ತದೆ. ಆದರೆ ಅದಕ್ಕೆ ಬೇರೆ ಇಂಜಿನ್ ಆಯಿಲ್ ಇರುತ್ತದೆ, ಮಟ್ಟ ನೋಡಿ ಸಮಯಕ್ಕೆ ಬದಲಿಸಬೇಕು. ಹೇಗೆಂದರೆ ಹಾಗೆ ತಲೆಕೆಳಗು ಮಾಡಿ ಇಟ್ಟರೆ ಆಯಿಲ್ ಸಿಲಿಂಡರಿಗೆ ಇಳಿಯಬಹುದು. ತೂಕವೂ ಸಾಮಾನ್ಯವಾಗಿ ಸ್ವಲ್ಪ ಹೆಚ್ಚು. ನಿಮ್ಮ ವಯಸ್ಸಿಗೆ, ಈಗಿನ ಭುಜನೋವಿಗೆ, ಅಂಗಡಿಯಲ್ಲಿ ಒಮ್ಮೆ ಹೆಗಲಿಗೆ ಹಾಕಿಕೊಂಡು ಹತ್ತು ನಿಮಿಷ ನಿಂತು ನೋಡದೆ ಕೊಳ್ಳಬೇಡಿ. ಮುಖ್ಯವಾಗಿ, ಅದಕ್ಕೂ ಕಾರ್ಬೊರೇಟರ್ ಇದೆ. ಏಳು ತಿಂಗಳು ಪೆಟ್ರೋಲ್ ಬಿಟ್ಟರೆ ಅದೂ ಸ್ಟಾರ್ಟ್ ಆಗುವುದಿಲ್ಲ. ಕೊಳ್ಳುವುದೇ ಆದರೆ ಕಳೆ ಕಟರಿಗೆ ಈ ವರ್ಷ ಸಹಾಯಧನ ಇದೆಯೇ ಎಂದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಮೊದಲೇ ವಿಚಾರಿಸಿ. ದುಡ್ಡು ಕೊಟ್ಟು ಬಿಲ್ ಮಾಡಿಸಿದ ಮೇಲೆ ಕೇಳಿದರೆ ಪ್ರಯೋಜನವಾಗುವುದಿಲ್ಲ. ರಿಪೇರಿ ತಡವಾಗಿ ಮಳೆ ಹತ್ತಿರ ಬಂದರೆ ಒಂದೆರಡು ದಿನಕ್ಕೆ ಬಾಡಿಗೆ ಕಟರ್ ತಂದು ಹೊಡೆಸಿಬಿಡಿ. ಕೊಳೆರೋಗ ತಡೆಯಲು ಬೋರ್ಡೋ ದ್ರಾವಣ ಹೊಡೆಯುವವರು ಬರುವ ಹೊತ್ತಿಗೆ ಮರದ ಬುಡಕ್ಕೆ ದಾರಿಯಾಗಿರಬೇಕಲ್ಲ.

ಈ ಸಲದ ಕೆಲಸ ಮುಗಿದ ದಿನವೇ ಮಾಡಬೇಕಾದ್ದು ಇಷ್ಟು. ಒಂದು ತಿಂಗಳಿಗಿಂತ ಹೆಚ್ಚು ಮುಟ್ಟುವುದಿಲ್ಲವೆಂದು ಗೊತ್ತಿದ್ದರೆ ಟ್ಯಾಂಕ್ ಖಾಲಿ ಮಾಡಿ, ಪ್ರೈಮರ್ ಬಲ್ಬ್ ಒತ್ತಿ ಉಳಿದದ್ದನ್ನೂ ಟ್ಯಾಂಕಿಗೆ ವಾಪಸು ತಂದು ತೆಗೆದುಬಿಡಿ. ಸ್ಟಾರ್ಟ್ ಮಾಡಿ ತಾನಾಗಿ ನಿಲ್ಲುವ ತನಕ ಬಿಡಿ. ಇಂಜಿನ್ ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ ತೂತಿಗೆ ಒಂದು ಚಹಾ ಚಮಚೆಯಷ್ಟು 2ಟಿ ಆಯಿಲ್ ಬಿಟ್ಟು, ಹಗ್ಗ ಎರಡು ಸಲ ಮೆಲ್ಲಗೆ ಎಳೆದು ಪ್ಲಗ್ ಕೂರಿಸಿ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಮತ್ತೆ ಮರೆಯದಂತೆ ಹಗ್ಗದ ಹಿಡಿಗೆ ಅದೇ ಬಟ್ಟೆಯ ತುಂಡು ಕಟ್ಟಿಡಿ. ಅಡುಗೆಮನೆಯ ಅಥವಾ ಬಚ್ಚಲ ಮೇಲಿನ ಅಟ್ಟ ಬೇಡ, ಕೆಳಗೆ ಬೆಂಕಿ ಇರುವ ಜಾಗದ ಮೇಲೆ ಪೆಟ್ರೋಲ್ ಮಿಷನ್ ಇಡಬಾರದು. ಗೋಡೆಗೆ ಗೂಟ ಹೊಡೆದು ನೇತುಹಾಕಿ. ಬೆರೆಸಿದ ಪೆಟ್ರೋಲನ್ನು ನೀರಿನ ಬಾಟಲಿಯಲ್ಲಿ ಇಡುವ ರೂಢಿ ನಿಮ್ಮಲ್ಲಿದ್ದರೆ ಇವತ್ತೇ ಬಿಡಿ. ಬಾಯಾರಿದ ಮಗು ಬಾಟಲಿಯ ಬಣ್ಣ ನೋಡುವುದಿಲ್ಲ.

ಹೊಸ ಪೆಟ್ರೋಲ್, ಹೊಸ ಪ್ಲಗ್ ಹಾಕಿ ನೋಡಿದ ಮೇಲೂ ಬಾರದಿದ್ದರೆ ಮತ್ತೆ ಬರೆಯಿರಿ. ಬರೆಯುವಾಗ ಮೂರು ವಿಷಯ ತಿಳಿಸಿ: ಬಾಟಲಿಯಲ್ಲಿ ಪದರ ಕಂಡಿತೇ, ಕಿಡಿ ಯಾವ ಬಣ್ಣದ್ದು, ಕೊನೆಯ ಎಳೆತದ ನಂತರ ಪ್ಲಗ್ ಒದ್ದೆಯಿತ್ತೋ ಒಣಗಿತ್ತೋ.